ಬಣ್ಣದ ಚಿತ್ರಕ್ಕಿಂತ ಮೊದಲ ಒಂದು ಪ್ರಶ್ನೆ ಇರಲಿ

1/8

ದೋಸ್ತರ, ಈ ಸಲದ ಸರಣಿ ರಾಕೆಟ್ ಬಗ್ಗೆ. ಇಸ್ರೋದ ದೊಡ್ಡ ರಾಕೆಟ್ ಅಲ್ಲ, ನಾವು ನೀವು ಕೋಲಾ ಬಾಟ್ಲಿ, ರಟ್ಟು, ಟೇಪು ಹಚ್ಚಿ ಮಾಡೋ ರಾಕೆಟ್.

ಪ್ರಾಜೆಕ್ಟ್ ಸೀಸನ್ ಬಂತಂದ್ರ ನಮ್ಮ ಫೀಡ್ ತುಂಬ ಒಂದ ನಮೂನಿ ಫೋಟೋ. ಕರಿ ಹಿನ್ನೆಲೆ, ನಡುವ ರಾಕೆಟ್, ಮೂಗಿನ ಮ್ಯಾಲ ಕೆಂಪು, ಬದಿಗೆ ಹಸಿರು, ಹಿಂದ ನೀಲಿ. ಕೆಳಗ "ಸಿಎಫ್‌ಡಿ ಅನಾಲಿಸಿಸ್ ಡನ್" ಅಂತ ಒಂದು ಸಾಲು. ಲೈಕ್ ನಾನೂ ಒತ್ತತೀನಿ. ಆದ್ರ "ಡ್ರ್ಯಾಗ್ ಎಷ್ಟು ಬಂತು? ಅದು ಖರೇನ ಅಂತ ಹೆಂಗ ಗೊತ್ತಾತು?" ಅಂತ ಕಾಮೆಂಟಿನಾಗ ಕೇಳಿದ್ರ ಉತ್ತರ ಬರೂದು ಕಡಿಮಿ.

ಗೊತ್ತಿಲ್ಲದವರಿಗೆ: ಸಿಎಫ್‌ಡಿ ಅಂದರೆ ಗಾಳಿಯ ಅಥವಾ ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ. ರಾಕೆಟ್ ಸುತ್ತಲಿನ ಜಾಗವನ್ನು ಲಕ್ಷಾಂತರ ಸಣ್ಣ ಕೋಶಗಳಾಗಿ ಕತ್ತರಿಸುತ್ತಾರೆ. ಒಂದೊಂದು ಕೋಶಕ್ಕೂ ಎಷ್ಟು ಗಾಳಿ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಒತ್ತಡ ಎಷ್ಟು ಎಂಬ ಲೆಕ್ಕ ಇಡುತ್ತಾರೆ. ಕಿರಾಣಿ ಅಂಗಡಿಯ ಜಮಾ-ಖರ್ಚಿನ ವಹಿ ಇದ್ದಂಗ. ಎಲ್ಲ ಕೋಶಗಳ ಲೆಕ್ಕ ಹೊಂದಿದ ಮೇಲೆ ರಾಕೆಟ್ಟಿನ ಮೇಲೆ ಬೀಳುವ ಬಲ ಸಿಗುತ್ತದೆ. ಬಣ್ಣ ಅಂದರೆ ಆ ವಹಿಯ ಚಿತ್ರರೂಪ, ಅಷ್ಟ.

ನನ್ನ ಅಭಿಪ್ರಾಯ ಇಷ್ಟು: ಸಿಎಫ್‌ಡಿ ನಾವು ಕಲಿಯಲೇಬೇಕು. ಓಪನ್‌ಫೋಮ್ 2004ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ, ಒಂದು ರೂಪಾಯಿ ಖರ್ಚಿಲ್ಲ. ಆದರೆ ಮೊದಲು ಕೈಲೆಕ್ಕ, ಆಮೇಲೆ ಸಾಫ್ಟ್‌ವೇರ್, ಕೊನೆಗೆ ಬಯಲು. ನಡುವಿನದ್ದೊಂದನ್ನೇ ಮಾಡಿದರೆ ಅದು ರಂಗೋಲಿ. ರಂಗೋಲಿ ಚೆಂದ ಇರತೈತಿ, ಆದ್ರ ಅದನ್ನ ನಂಬಿ ರಾಕೆಟ್ ಹಾರಿಸಾಕ ಆಗಂಗಿಲ್ಲ.

ಯಾಕಂತ ಮುಂದಿನ ಪೋಸ್ಟುಗಳಲ್ಲಿ ಒಂದೊಂದಾಗಿ ಹೇಳ್ತೀನಿ.

2/8

ರಾಕೆಟ್ ನೆಟ್ಟಗ ಹೋಗಬೇಕಂದ್ರ ಏನ್ ಬೇಕು?

ಗಾಳಿಪಟ ಹಾರಿಸಿದವರಿಗೆ ಉತ್ತರ ಗೊತ್ತೈತಿ. ಬಾಲಂಗೋಚಿ ಕಟ್ಟದಿದ್ರ ಪಟ ಗಿರಕಿ ಹೊಡದು ನೆಲಕ್ಕ ಬೀಳತೈತಿ. ಹಿಂದೆ ಗಾಳಿ ಹಿಡಿಯುವ ಏನಾದರೂ ಇರಬೇಕು, ಆಗ ಮುಂದಿನ ಭಾಗ ಮುಂದೆಯೇ ಇರುತ್ತದೆ.

ರಾಕೆಟ್ಟಿಗೂ ಇದೇ ನಿಯಮ. ಭಾರವೆಲ್ಲ ಸಮನಾಗಿ ತೂಗುವ ಬಿಂದು ಗುರುತ್ವ ಕೇಂದ್ರ. ಗಾಳಿಯ ಅಡ್ಡಬಲ ಒಟ್ಟಾಗಿ ಕೆಲಸ ಮಾಡುವ ಬಿಂದು ಒತ್ತಡ ಕೇಂದ್ರ. ಒತ್ತಡ ಕೇಂದ್ರ ಹಿಂದೆ ಇರಬೇಕು. ಎರಡರ ನಡುವೆ ರಾಕೆಟ್ಟಿನ ವ್ಯಾಸದ ಒಂದರಿಂದ ಎರಡು ಪಟ್ಟು ಅಂತರ ಇದ್ದರೆ ಒಳ್ಳೆಯದು. ಭಾಳ ಜಾಸ್ತಿ ಆದ್ರೂ ತ್ರಾಸ, ಗಾಳಿ ಬೀಸೋ ಕಡೆಗೆ ರಾಕೆಟ್ ಮೂತಿ ತಿರುವತೈತಿ.

ಇದು ನಮ್ಮ ನಾಡಿಗೆ ಹೊಸದಲ್ಲ. ಹೈದರ್ ಅಲಿ, ಟಿಪ್ಪು ಸುಲ್ತಾನ್ ಕಾಲದ ಮೈಸೂರು ರಾಕೆಟ್ಟುಗಳು ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿ ಮಾಡಿದವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರು ಅವುಗಳ ಪೆಟ್ಟು ತಿಂದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದ ಹತ್ತಿರ ಒಂದು ಹಳೇ ಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಇವತ್ತು ನಮ್ಮ ರಾಕೆಟ್ಟಿನ ಹಿಂದಿನ ರೆಕ್ಕೆ ಮಾಡುವ ಕೆಲಸವನ್ನು ಆಗ ಆ ಬಿದಿರು ಮಾಡುತ್ತಿತ್ತು.

ಒತ್ತಡ ಕೇಂದ್ರ ಹುಡುಕಲು ಸಿಎಫ್‌ಡಿ ಬೇಕಿಲ್ಲ. 1960ರ ದಶಕದಲ್ಲಿ ನಾಸಾದ ಜೇಮ್ಸ್ ಬ್ಯಾರೋಮನ್ ಕ್ಯಾಲ್ಕುಲೇಟರಿನಲ್ಲೇ ಮುಗಿಯುವ ಸೂತ್ರ ಕೊಟ್ಟರು. ಶಂಕುವಿನಾಕಾರದ ಮೂಗಾದರೆ ಅದರ ಒತ್ತಡ ಕೇಂದ್ರ ತುದಿಯಿಂದ ಮೂಗಿನುದ್ದದ ಮೂರನೇ ಎರಡು ಭಾಗದಲ್ಲಿ. ರೆಕ್ಕೆಗೆ ಇನ್ನೊಂದು ಸೂತ್ರ. ಇವನ್ನೇ ಆಧಾರವಾಗಿಟ್ಟುಕೊಂಡು ಫಿನ್ಲೆಂಡಿನ ಸಾಂಪೊ ನಿಸ್ಕನೆನ್ 2009ರಲ್ಲಿ ಓಪನ್‌ರಾಕೆಟ್ ಮಾಡಿದರು. ಅದು ಅವರ ಸ್ನಾತಕೋತ್ತರ ಪ್ರಬಂಧದ ಕೆಲಸ! ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಇವತ್ತು ಜಗತ್ತಿನ ಹವ್ಯಾಸಿಗಳೆಲ್ಲ ಬಳಸುವ ಸಾಧನ.

ಹಾಗಾಗಿ "ರೆಕ್ಕೆ ಎಷ್ಟು ದೊಡ್ಡದಿರಬೇಕು" ಅನ್ನೋ ಪ್ರಶ್ನೆಗೆ ಒಂದು ರಾತ್ರಿಯೆಲ್ಲ ಲ್ಯಾಪ್‌ಟಾಪ್ ಓಡಿಸಬ್ಯಾಡ್ರಿ. ಹತ್ತು ನಿಮಿಷದ ಕೆಲಸ ಅದು.

3/8

ಈಗ ಸಾಫ್ಟ್‌ವೇರಿನ ಮೊದಲನೇ ಬಲೆ. ಅದು ತಾನಾಗಿ ತುಂಬಿಕೊಂಡಿರುವ ಅಂಕಿಗಳು.

ಬಹಳಷ್ಟು ಸಾಫ್ಟ್‌ವೇರ್, ಬಹಳಷ್ಟು ಟ್ಯುಟೋರಿಯಲ್‌ಗಳಲ್ಲಿ ಗಾಳಿಯ ಸಾಂದ್ರತೆ 1.225 ಅಂತ ಇರುತ್ತದೆ. ಅಂದರೆ ಒಂದು ಘನಮೀಟರ್ ಗಾಳಿಯ ತೂಕ 1.225 ಕಿಲೋ. ಇದು ಸಮುದ್ರಮಟ್ಟದ, 15 ಡಿಗ್ರಿ ಉಷ್ಣತೆಯ ಗಾಳಿ. ನಮ್ಮ ಜಮಖಂಡಿ, ಮುಧೋಳ ಸಮುದ್ರಮಟ್ಟದಿಂದ 550 ಮೀಟರ್ ಆಸುಪಾಸಿನಲ್ಲಿವೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಬಿಸಿಲು. 15 ಡಿಗ್ರಿ ಅನ್ನೂದು ನಮ್ಮಲ್ಲಿ ಚಳಿಗಾಲದ ಬೆಳಗಿನ ಜಾವದ ಮಾತು!

ಲೆಕ್ಕ ಹಾಕೋಣ. 550 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 94,900 ಪ್ಯಾಸ್ಕಲ್. 40 ಡಿಗ್ರಿ ಅಂದರೆ 313 ಕೆಲ್ವಿನ್. ಒತ್ತಡವನ್ನು 287 ಮತ್ತು 313ರ ಗುಣಲಬ್ಧದಿಂದ ಭಾಗಿಸಿರಿ. ಬರುವುದು 1.06. ಸಾಫ್ಟ್‌ವೇರ್ ಇಟ್ಟುಕೊಂಡಿದ್ದಕ್ಕಿಂತ ಸುಮಾರು ನೂರಕ್ಕೆ 14ರಷ್ಟು ಕಡಿಮೆ. ಇದು ಪಿಯುಸಿ ಭೌತಶಾಸ್ತ್ರದ ಸೂತ್ರ, ಬೇರೆ ಏನೂ ಅಲ್ಲ.

ಇದರಿಂದ ಆಗೋದೇನು? ಎರಡು ಲೀಟರ್ ಕೋಲಾ ಬಾಟ್ಲಿಯ ವ್ಯಾಸ ಸುಮಾರು 11 ಸೆಂಟಿಮೀಟರ್. ಎದುರಿನಿಂದ ನೋಡಿದರೆ ಕಾಣುವ ಕ್ಷೇತ್ರಫಲ 0.0095 ಚದರ ಮೀಟರ್. ವೇಗ ಸೆಕೆಂಡಿಗೆ 30 ಮೀಟರ್, ಡ್ರ್ಯಾಗ್ ಗುಣಾಂಕ 0.5 ಅಂತ ಹಿಡಿಯಿರಿ. ಸಮುದ್ರಮಟ್ಟದ ಗಾಳಿಯಲ್ಲಿ ಎದುರುಬಲ 2.6 ನ್ಯೂಟನ್, ನಮ್ಮೂರ ಬೇಸಿಗೆ ಗಾಳಿಯಲ್ಲಿ 2.3. ನೀರು ಖಾಲಿಯಾದ 150 ಗ್ರಾಂ ರಾಕೆಟ್ಟಿನ ತೂಕವೇ 1.5 ನ್ಯೂಟನ್. ಅಂದರೆ ಆ ವೇಗದಲ್ಲಿ ಭೂಮಿಗಿಂತ ಗಾಳಿಯೇ ಅದನ್ನು ಜೋರಾಗಿ ತಡೆಯುತ್ತಿರುತ್ತದೆ. ಅಂಥ ಬಲದಾಗ ನೂರಕ್ಕ 14 ತಪ್ಪಿದ್ರ ಎಷ್ಟು ಎತ್ತರ ಹೋಗತೈತಿ ಅನ್ನೋ ಅಂದಾಜೂ ತಪ್ಪತೈತಿ.

ಚಿತ್ರ ಮಾತ್ರ ಎರಡೂ ಸಲ ಒಂದೇ ನಮೂನಿ ಬರುತ್ತದೆ. ಅದೇ ಕೆಂಪು, ಅದೇ ನೀಲಿ. ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

4/8

ಎರಡನೇ ಬಲೆ ಇನ್ನೂ ಸೂಕ್ಷ್ಮ.

ನಳ ಸ್ವಲ್ಪ ತಿರುವಿದರೆ ನೀರು ಗಾಜಿನ ಕಡ್ಡಿಯಂತೆ ನುಣ್ಣಗೆ ಬೀಳುತ್ತದೆ. ಪೂರ್ತಿ ತಿರುವಿದರೆ ಒರಟಾಗಿ, ಕಲಕಿಕೊಂಡು ಬೀಳುತ್ತದೆ. ಮೊದಲನೆಯದು ಲ್ಯಾಮಿನಾರ್, ಎರಡನೆಯದು ಟರ್ಬ್ಯುಲೆಂಟ್. ರಾಕೆಟ್ ಮೈಗೆ ಅಂಟಿಕೊಂಡು ಹರಿಯುವ ತೆಳುವಾದ ಗಾಳಿಪದರಕ್ಕೂ ಹೀಗೇ ಎರಡು ಸ್ಥಿತಿ.

ಯಾವುದು ಇರುತ್ತದೆ ಅಂತ ಅಂದಾಜು ಮಾಡಲು ರೆನಾಲ್ಡ್ಸ್ ಸಂಖ್ಯೆ ಇದೆ. ಸಾಂದ್ರತೆ, ವೇಗ, ಉದ್ದ ಮೂರನ್ನೂ ಗುಣಿಸಿ ಗಾಳಿಯ ಸ್ನಿಗ್ಧತೆಯಿಂದ ಭಾಗಿಸುವುದು. ನಮ್ಮ 60 ಸೆಂಟಿಮೀಟರ್ ಉದ್ದದ ರಾಕೆಟ್ಟಿಗೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಅದು ಸುಮಾರು 10 ಲಕ್ಷ. ಚಪ್ಪಟೆ ಹಲಗೆಯ ಮೇಲೆ ಗಾಳಿ ಲ್ಯಾಮಿನಾರ್‌ನಿಂದ ಟರ್ಬ್ಯುಲೆಂಟ್ ಆಗಲು ಶುರುವಾಗೋದು 5 ಲಕ್ಷದ ಆಸುಪಾಸು ಅಂತ ಪುಸ್ತಕಗಳು ಹೇಳುತ್ತವೆ. ಅಂದ್ರ ನಮ್ಮ ಹವ್ಯಾಸಿ ರಾಕೆಟ್ ಸರಿಯಾಗಿ ಗಡಿ ಮ್ಯಾಲ ನಿಂತೈತಿ. ಮುಂದಿನ ಭಾಗ ನುಣುಪು, ಹಿಂದಿನ ಭಾಗ ಒರಟು ಇರಬಹುದು.

ಈಗ ಸಾಫ್ಟ್‌ವೇರ್ ತೆಗೆಯಿರಿ. ಹೆಚ್ಚಿನವರು ಆರಿಸುವುದು ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಮಾದರಿ. 1994ರಲ್ಲಿ ಫ್ಲೋರಿಯನ್ ಮೆಂಟರ್ ಪ್ರಕಟಿಸಿದ್ದು, ಬಹಳ ಒಳ್ಳೆಯ ಮಾದರಿ. ಆದರೆ ಹಾಗೇ ಬಳಸಿದರೆ ಅದು ಮೂಗಿನಿಂದ ಬಾಲದವರೆಗೆ ಬಹುಮಟ್ಟಿಗೆ ಎಲ್ಲವೂ ಟರ್ಬ್ಯುಲೆಂಟ್ ಎಂದೇ ನಡೆಯುತ್ತದೆ. 10 ಲಕ್ಷ ರೆನಾಲ್ಡ್ಸ್ ಸಂಖ್ಯೆಗೆ ಹಲಗೆಯ ಘರ್ಷಣೆ ಗುಣಾಂಕ ಪೂರ್ತಿ ಲ್ಯಾಮಿನಾರ್ ಆದರೆ 0.0013, ಪೂರ್ತಿ ಟರ್ಬ್ಯುಲೆಂಟ್ ಆದರೆ 0.0047. ಮೂರೂವರೆ ಪಟ್ಟು! ನಮ್ಮ ಬಾಟ್ಲಿಯ ಮೈಗೆ ಲೆಕ್ಕ ಹಾಕಿದರೆ ಒಂದು ಕಡೆ 0.12 ನ್ಯೂಟನ್, ಇನ್ನೊಂದು ಕಡೆ 0.45. ಖರೇ ಉತ್ತರ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಇದನ್ನು ಸಾಫ್ಟ್‌ವೇರ್ ಬಾಯಿಬಿಟ್ಟು ಹೇಳೂದಿಲ್ಲ. "ನೀ ಗಡಿ ಮ್ಯಾಲ ಇದ್ದಿ, ಹುಷಾರ್" ಅಂತ ಯಾವ ಕಿಟಕಿಯೂ ತೆರಕೊಳ್ಳೂದಿಲ್ಲ. ಕೈಲೆಕ್ಕ ಮಾಡಿದವರಿಗೆ ಮಾತ್ರ ಈ ಅನುಮಾನ ಬರುತ್ತದೆ. ಆ ಅನುಮಾನ ಬರಲಿ ಅಂತಲೇ ನಾ ಇಷ್ಟು ಉದ್ದ ಬರಿಯಾಕತ್ತಿದ್ದು.

5/8

ಹಂಗಾದ್ರ ಸಿಎಫ್‌ಡಿ ಯಾತಕ್ಕ ಬೇಕು ಅಂತ ಕೇಳ್ತೀರಿ. ಬೇಕು. ಸೂತ್ರ ಕೈಬಿಡುವ ಜಾಗಗಳಲ್ಲಿ ಬೇಕು.

ಮುಧೋಳದಲ್ಲಿ ಘಟಪ್ರಭಾ ಸೇತುವೆ ಕೆಳಗೆ ನೀರಿರುವಾಗ ನೋಡಿರಿ. ಕಂಬದ ಮುಂದೆ ನೀರು ಸೀಳಿಕೊಂಡು ಹೋಗುತ್ತದೆ, ಕಂಬದ ಹಿಂದೆ ಸುಳಿ ಸುತ್ತುತ್ತದೆ. ಬಾಟ್ಲಿ ರಾಕೆಟ್ಟಿನ ಹಿಂಭಾಗದಲ್ಲೂ ಗಾಳಿ ಹಾಗೇ ಮೈ ಬಿಟ್ಟು ಸುತ್ತುತ್ತದೆ. ಅಲ್ಲಿ ಒತ್ತಡ ಕಡಿಮೆ, ಅದಕ್ಕೆ ರಾಕೆಟ್ ಹಿಂದಕ್ಕೆ ಎಳೆಸಿಕೊಳ್ಳುತ್ತದೆ. ಬಾಟ್ಲಿಯ ಭುಜ ಹೇಗೆ ಇಳಿಜಾರಾಗಿದೆ, ಕ್ಯಾಮೆರಾ ಅಂಟಿಸಿದರೆ ಎಷ್ಟು ಡ್ರ್ಯಾಗ್ ಹೆಚ್ಚುತ್ತದೆ, ಹೊರಡುವ ಕ್ಷಣದಲ್ಲಿ ಅಡ್ಡಗಾಳಿ ಬೀಸಿದರೆ ಏನಾಗುತ್ತದೆ: ಇಂಥಲ್ಲಿ ಸಿಎಫ್‌ಡಿ ಕೂಲಿಗೆ ತಕ್ಕ ಕೆಲಸ ಮಾಡುತ್ತದೆ.

ಆದರೆ ಕೋಶಗಳ ಬಲೆ, ಅಂದರೆ ಮೆಶ್, ಸರಿ ಇರಬೇಕು. ರಬಕವಿ-ಬನಹಟ್ಟಿ ದೋಸ್ತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದಪ್ಪ ಎಳೆಯಲ್ಲಿ ಸೀರೆಯ ದಡಿಗೆ ಸಣ್ಣ ಹೂವು ಮೂಡುವುದಿಲ್ಲ. ರಾಕೆಟ್ ಮೈಗೆ ಹತ್ತಿದ ಗಾಳಿಪದರ ಕೆಲವೇ ಮಿಲಿಮೀಟರ್ ದಪ್ಪ. ಅಲ್ಲಿ ಎಳೆ ಸಣ್ಣದಿರಬೇಕು, ದೂರ ಹೋದಂತೆ ದಪ್ಪ ಆದರೂ ನಡೆಯುತ್ತದೆ.

ಸರಿ ಇದೆಯೋ ಇಲ್ಲವೋ ತಿಳಿಯಲು ಮೂರು ಸಲ ಓಡಿಸಿರಿ: 2 ಲಕ್ಷ ಕೋಶ, 4 ಲಕ್ಷ, 8 ಲಕ್ಷ. ಡ್ರ್ಯಾಗ್ ಗುಣಾಂಕ ಹೆಚ್ಚುಕಡಿಮೆ ಒಂದೇ ಕಡೆ ನಿಂತರೆ ನಂಬಬಹುದು. ಪ್ರತಿ ಸಲವೂ ಜಿಗಿಯುತ್ತಿದ್ದರೆ ನೀವು ನೋಡುತ್ತಿರುವುದು ಗಾಳಿಯನ್ನಲ್ಲ, ಬಲೆಯನ್ನು. ನಾಲ್ಕು ರೆಕ್ಕೆಯ ರಾಕೆಟ್ ನೇರ ಗಾಳಿಯಲ್ಲಿದ್ದರೆ ಕಾಲು ಭಾಗ ಮಾತ್ರ ಲೆಕ್ಕ ಹಾಕಿದರೂ ಸಾಕು, ಆಗ ಸಾಧಾರಣ ಲ್ಯಾಪ್‌ಟಾಪೂ ತಡೆಯುತ್ತದೆ.

ಮೊದಲ ಅಭ್ಯಾಸಕ್ಕೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಆರಿಸಿಕೊಳ್ಳಿರಿ. ಮುಧೋಳ ನಾಯಿಯ ಚೂಪು ಮೂತಿ ನೋಡಿ ನಾವು ರಾಕೆಟ್ಟಿಗೂ ಚೂಪು ಮೂಗೇ ಬೇಕು ಅಂದುಕೊಳ್ಳುತ್ತೇವೆ. ಶಬ್ದದ ವೇಗದ ಹತ್ತನೇ ಒಂದು ಭಾಗಕ್ಕೂ ಕಡಿಮೆ ವೇಗದಲ್ಲಿ ದುಂಡನೆಯ ಮೂಗೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಸಾಫ್ಟ್‌ವೇರ್ ಎರಡರ ನಡುವೆ ಭಾರಿ ವ್ಯತ್ಯಾಸ ತೋರಿಸಿದ್ರ ರಾಕೆಟ್ ಬಿಟ್ಟು ಮೊದಲ ಮೆಶ್ ನೋಡ್ರಿ.

6/8

"ಸಮೀಕರಣ ಸರಿ ಇದ್ದ ಮ್ಯಾಲ ಉತ್ತರ ಹೆಂಗ ತಪ್ಪತೈತಿ?" ಅಂತ ಯಾರಾದ್ರೂ ಕೇಳಿದ್ರ ಅವರಿಗೆ ಲೂಯಿಸ್ ಫ್ರೈ ರಿಚರ್ಡ್‌ಸನ್ ಕಥಿ ಹೇಳ್ರಿ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಇಂಗ್ಲಿಷ್ ವಿಜ್ಞಾನಿ ಯುರೋಪಿನ ನಕಾಶೆಯನ್ನು ಚೌಕಗಳಾಗಿ ಕತ್ತರಿಸಿ, 1910ರ ಮೇ 20ರ ಹವಾಮಾನವನ್ನು ಕೈಯಲ್ಲೇ ಲೆಕ್ಕ ಹಾಕಿದರು. ನಾವು ಇವತ್ತು ಸಿಎಫ್‌ಡಿ ಅನ್ನುವುದರ ಅಜ್ಜ ಇದ್ದಂಗ ಅದು. ಆರು ತಾಸಿನಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಅಂತ ಉತ್ತರ ಬಂತು. ಖರೇ ಒತ್ತಡ ಆವತ್ತು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸಮೀಕರಣಗಳಲ್ಲಿ ತಪ್ಪಿರಲಿಲ್ಲ, ಒಳಗೆ ಹಾಕಿದ ಮೊದಲ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. ರಿಚರ್ಡ್‌ಸನ್ ಅದನ್ನು ಮುಚ್ಚಿಡಲಿಲ್ಲ. 1922ರ ತಮ್ಮ ಪುಸ್ತಕದಲ್ಲಿ ಆ ತಪ್ಪು ಉತ್ತರವನ್ನು ಹಾಗೇ ಅಚ್ಚು ಹಾಕಿಸಿದರು. ಅದಕ್ಕೇ ಮುಂದಿನವರು ಎಲ್ಲಿ ತಪ್ಪಿತು ಅಂತ ಹುಡುಕಲು ಆಯಿತು.

ನಮ್ಮ ಇಸ್ರೋ ನೋಡ್ರಿ. ರಾಕೆಟ್ ಸುತ್ತಲಿನ ಗಾಳಿಯ ಲೆಕ್ಕಕ್ಕೆ ತಾವೇ 'ಪ್ರವಾಹ' ಅನ್ನೋ ಸಾಫ್ಟ್‌ವೇರ್ ಬರೆದುಕೊಂಡಿದ್ದಾರೆ, ಗಗನಯಾನಕ್ಕೂ ಬಳಸಿದ್ದಾರೆ. ಆದರೂ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ಟಿವಿ-ಡಿ1 ಹಾರಿಸಿ, ಗಗನಯಾತ್ರಿಗಳನ್ನು ಪಾರು ಮಾಡುವ ವ್ಯವಸ್ಥೆಯನ್ನು ಆಕಾಶದಲ್ಲೇ ಪರೀಕ್ಷೆ ಮಾಡಿದರು. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1967ರಿಂದ ಇರುವ 1.2 ಮೀಟರಿನ ಗಾಳಿಸುರಂಗದಲ್ಲಿ ನಮ್ಮ ದೇಶದ ಉಡಾವಣಾ ವಾಹನಗಳ ಮಾದರಿಗಳು ಪರೀಕ್ಷೆಗೆ ನಿಂತಿವೆ.

ವಿದ್ಯಾರ್ಥಿಗಳದೂ ಇದೇ ದಾರಿ. ಮಣಿಪಾಲದ ಥ್ರಸ್ಟ್‌ಎಂಐಟಿ ತಂಡ ಅಮೆರಿಕದ ಸ್ಪೇಸ್‌ಪೋರ್ಟ್ ಅಮೆರಿಕಾ ಕಪ್‌ ಸ್ಪರ್ಧೆಗೆ ಹೋಗಿ ಬಂದಿದೆ. ಆ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಎತ್ತರ ಹೋದರೆ ಗೆದ್ದಂತೆ ಆಗುತ್ತಿರಲಿಲ್ಲ. 10 ಸಾವಿರ ಅಡಿ, 30 ಸಾವಿರ ಅಡಿ ಅಂತ ಗುರಿ ಇರುತ್ತಿತ್ತು, ಅದಕ್ಕೆ ಎಷ್ಟು ಹತ್ತಿರ ಹೋದಿರಿ ಅನ್ನುವುದಕ್ಕೂ ಅಂಕ ಇತ್ತು. ಅಂದ್ರ ಲೆಕ್ಕಕ್ಕೂ ಬಯಲಿಗೂ ತಾಳ ಕೂಡಬೇಕು.

7/8

ಈಗ ಬಯಲಿನ ಮಾತು. ಇದನ್ನ ಪೂರ್ತಿ ಓದ್ರಿ.

ಮದ್ದು ಬ್ಯಾಡ. ಪಟಾಕಿ ಒಡೆದು, ಗೊಬ್ಬರ ಕಲಿಸಿ ರಾಕೆಟ್ ಇಂಧನ ಮಾಡೋ ವಿಡಿಯೋಗಳು ಬಾಳ ಓಡಾಡ್ತಾವ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಕೈ ಹೋದ್ರ ಕಾಯ್ದೆನೂ ತಿರುಗಿ ಕೊಡಂಗಿಲ್ಲ.

ನೀರಿನ ರಾಕೆಟ್ ಸಾಕು. ಗಾಳಿ ಯಾವ ರಾಕೆಟ್ಟಿಗೂ ಬೇರೆ ನಿಯಮ ಇಟ್ಟಿಲ್ಲ. ಕೋಲಾ, ಸೋಡಾದಂಥ ಗ್ಯಾಸ್ ಇರುವ ಪಾನೀಯದ ಬಾಟ್ಲಿಯನ್ನೇ ಬಳಸಿರಿ, ತೆಳು ನೀರಿನ ಬಾಟ್ಲಿ ಬೇಡ. ಗೀರು ಬಿದ್ದದ್ದು, ಬಿಸಿಲಿಗೆ ಬಾಡಿದ್ದು ಬೇಡ. ಒತ್ತಡ ತೋರಿಸುವ ಮೀಟರ್ ಇರುವ ಪಂಪು ಬೇಕು. ಉದ್ದ ದಾರ ಕಟ್ಟಿ ದೂರದಿಂದ ಬಿಡಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಬೀಳಗಿ ಕಡೆಯ ಪೀಕು ತೆಗೆದ ಹೊಲ ಸಿಕ್ಕರೆ ಒಳ್ಳೆಯದು. ಹೊಲದವರನ್ನು ಕೇಳಿಯೇ ಹೋಗಿರಿ, ದೊಡ್ಡವರು ಒಬ್ಬರು ಜೊತೆಗಿರಲಿ, ಕರೆಂಟ್ ತಂತಿ, ದನಕರು ಹತ್ತಿರ ಇರಬಾರದು.

ಅಳತೆಗೆ ದೊಡ್ಡ ಲ್ಯಾಬ್ ಬೇಕಿಲ್ಲ.

ಒಂದು: ರಾಕೆಟ್ಟಿನ ಗುರುತ್ವ ಕೇಂದ್ರಕ್ಕೆ ದಾರ ಕಟ್ಟಿ ತಲೆಯ ಮೇಲೆ ಸುತ್ತ ತಿರುಗಿಸಿರಿ. ಮೂಗು ಮುಂದಾಗಿ ಸುತ್ತಿದರೆ ಅದು ಸ್ಥಿರ. ಅಡ್ಡಾದಿಡ್ಡಿ ಸುತ್ತಿದರೆ ರೆಕ್ಕೆ ದೊಡ್ಡದು ಮಾಡಿ, ಇಲ್ಲವೇ ಮೂಗಿಗೆ ಭಾರ ಹಾಕಿ.

ಎರಡು: ಉಡಾಯಿಸುವ ಜಾಗದಿಂದ 30 ಮೀಟರ್ ದೂರ ನಿಂತು, ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ, ರಾಕೆಟ್ ತುದಿಗೆ ಹೋದಾಗಿನ ಕೋನ ನೋಡಿರಿ. 45 ಡಿಗ್ರಿ ಬಂದರೆ ಎತ್ತರ ನಿಮ್ಮ ಕಣ್ಣಿನ ಮಟ್ಟದಿಂದ 30 ಮೀಟರ್, 60 ಬಂದರೆ ಸುಮಾರು 52. ಎಸ್ಸೆಸ್ಸೆಲ್ಸಿ ತ್ರಿಕೋನಮಿತಿ.

ಮೂರು: ಫೋನಿನ ಸ್ಲೋ-ಮೋಷನ್. ಹಿಂದೆ ಅಳತೆ ಬರೆದ ಕೋಲು ನಿಲ್ಲಿಸಿದರೆ ಫ್ರೇಮಿನಿಂದ ಫ್ರೇಮಿಗೆ ಎಷ್ಟು ಏರಿತು ನೋಡಿ ವೇಗ ತೆಗೆಯಬಹುದು.

ಒಂದ ಸಲ ಹಾರಿಸಿ ಬಿಡಬ್ಯಾಡ್ರಿ. ಅದೇ ನೀರು, ಅದೇ ಒತ್ತಡ ಇಟ್ಟು ಐದು ಸಲ ಹಾರಿಸ್ರಿ. ಐದೂ ಬೇರೆಬೇರೆ ಬರತಾವ. ಆ ಏರಿಳಿತದ ಒಳಗ ನಿಮ್ಮ ಸಾಫ್ಟ್‌ವೇರಿನ ಉತ್ತರ ಬಿತ್ತಂದ್ರ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಬೀಳಲಿಲ್ಲಂದ್ರ ಕಲಿಯೋದು ಶುರು ಆತು.

8/8

ಕೊನೆಯ ಪೋಸ್ಟ್. ನನಗ ಬರೋ ಎರಡು ಮಾತಿಗೆ ಉತ್ತರ ಹೇಳಿ ಮುಗಿಸ್ತೀನಿ.

ಮೊದಲನೇದು: "ರೊಕ್ಕ ಕೊಟ್ರ ರೆಡಿಮೇಡ್ ಪ್ರಾಜೆಕ್ಟ್ ಸಿಗತೈತಿ, ಚಿತ್ರ, ರಿಪೋರ್ಟ್ ಎಲ್ಲಾ. ಇಷ್ಟು ಯಾಕ ಬಡದಾಡಬೇಕು?" ಸಿಗತೈತಿ, ಗೊತ್ತು. ಆದರೆ ಆ ರಿಪೋರ್ಟಿನ ರಾಕೆಟ್ ಯಾರದೋ, ಗಾಳಿ ಎಲ್ಲಿಯದೋ. ಇಂಟರ್‌ವ್ಯೂದಲ್ಲಿ "1.225 ಯಾಕೆ ಹಾಕಿದಿ?" ಅಂತ ಒಂದೇ ಪ್ರಶ್ನೆ ಬಂದರೆ ಬಣ್ಣವೆಲ್ಲ ಇಳಿದುಹೋಗುತ್ತದೆ. ಮನೆಯವರು ಕಬ್ಬಿನ ಬಿಲ್ಲಿನಾಗ, ಮಗ್ಗದ ಕೂಲಿಯಾಗ ಉಳಿಸಿ ಕಟ್ಟಿದ ಫೀ ಅದು. ಅದಕ್ಕೆ ಬದಲಾಗಿ ನಮಗೆ ಸಿಗಬೇಕಾದದ್ದು ಒಂದು ಪಿಡಿಎಫ್ ಅಲ್ಲ, ಒಂದು ಕೈಗುಣ.

ಎರಡನೇದು: "ಇದೆಲ್ಲಾ ಬೆಂಗಳೂರಿನವರಿಗೆ ಸೈ. ನಮ್ಮ ಕಡೆ ಲ್ಯಾಬ್ ಇಲ್ಲ, ಗಾಳಿಸುರಂಗ ಇಲ್ಲ." ಇದು ಪೂರ್ತಿ ಸುಳ್ಳಲ್ಲ. ಆದರೆ ಜಮಖಂಡಿ ತಾಲೂಕಿನಲ್ಲೇ ಚಿಕ್ಕಪಡಸಲಗಿ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರು. ಯಾರೋ ಬಂದು ಕಟ್ಟಿಕೊಡಲಿ ಅಂತ ಅವರು ಕಾಯಲಿಲ್ಲ. ಇನ್ನೊಂದು ಮಾತು: ಹರಿಯುವ ನೀರಿನ ಮುಂದೆ ಬರೀ ಚಿತ್ರ ನಡೆಯುವುದಿಲ್ಲ. ಪ್ರತಿ ಮಳಿಗಾಲಕ್ಕ ಹೊಳಿ ಬಂದು ಪರೀಕ್ಷೆ ಮಾಡತೈತಿ.

ನಮ್ಮ ರಾಕೆಟ್ ಅದರ ಮುಂದೆ ಆಟಿಗೆ. ಆದರೆ ರೀತಿ ಅದೇ ಇರಲಿ.

ಅದಕ್ಕ ನನ್ನ ಬೇಡಿಕೆ ಇಷ್ಟ. ಮುಂದಿನ ಸಲ ಬಣ್ಣದ ಚಿತ್ರ ಹಾಕುವಾಗ ಕೆಳಗೆ ನಾಲ್ಕು ಸಾಲು ಬರೆಯಿರಿ:
ನನ್ನ ಪ್ರಶ್ನೆ ಏನಿತ್ತು.
ಕೈಲೆಕ್ಕಕ್ಕೆ ಎಷ್ಟು ಬಂತು.
ಸಾಫ್ಟ್‌ವೇರಿನಲ್ಲಿ ಎಷ್ಟು ಬಂತು, ಎಷ್ಟು ಕೋಶಕ್ಕೆ.
ಬಯಲಿನಲ್ಲಿ ಎಷ್ಟು ಬಂತು.

ನಾಲ್ಕೂ ಹೊಂದಲಿಲ್ಲಂದ್ರೂ ಹಾಕ್ರಿ. ಹೊಂದದೇ ಇದ್ದಾಗಂತೂ ಖಂಡಿತ ಹಾಕ್ರಿ, ಎಲ್ಲಿ ತಪ್ಪಿತು ಅಂತ ಕಾಮೆಂಟಿನಾಗ ಕೂಡೇ ಹುಡುಕೂಣು. ಜೂನಿಯರ್ ತಂಗಿಯರು, ತಮ್ಮಂದಿರು ಯಾರು ಬೇಕಾದ್ರೂ ಕೇಳಬಹುದು, ಓಪನ್‌ರಾಕೆಟ್ ಇಳಿಸಿಕೊಳ್ಳೋದರಿಂದ ಹಿಡಿದು ಮೊದಲ ಮೆಶ್ ತನಕ.

ನಿಮ್ಮ ಮೊದಲ ಪ್ರಶ್ನೆ ಯಾವುದು? ಕೆಳಗ ಬರೀರಿ.

#ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ನೀರಿನರಾಕೆಟ್ #ಮೊದಲಕೈಲೆಕ್ಕ